ಹಳ್ಳದ ನೀರಿನ ಮಾದರಿ: ಎಷ್ಟು ಸಲ ಓಡಿಸಿದರೂ ಎಲ್ಲರೂ ಪೈಪಿಗೇ ಬಂದು ನಿಲ್ಲುವುದೇಕೆ?

ಹಳ್ಳದಂಚು

ಹೊಸನಗರದ ಕಡೆ ಕಾಣುವಂಥ ಒಂದು ಹಳ್ಳ, ಅದರ ನೀರನ್ನೇ ನಂಬಿದ 20 ಮನೆ, ಮನೆಗೆ ಒಂದೂವರೆ ಎಕರೆ ಅಡಿಕೆ. ಯಾರು ಡ್ರಿಪ್ಪಿಗೆ ಬರುತ್ತಾರೆ, ಯಾರು ಪೈಪ್ ಹಿಡಿದು ಬುಡಕ್ಕೆ ನೀರು ಬಿಡುವುದನ್ನೇ ಮುಂದುವರಿಸುತ್ತಾರೆ ಅನ್ನುವುದನ್ನು ವಿಕಾಸಾತ್ಮಕ ಆಟಸಿದ್ಧಾಂತದ (ಒಬ್ಬರ ಆಯ್ಕೆ ಇನ್ನೊಬ್ಬರ ಲಾಭವನ್ನೂ ಬದಲಿಸುವಾಗ ಯಾವ ತಂತ್ರ ಹರಡುತ್ತದೆ ಎಂದು ನೋಡುವ ಗಣಿತ) ಮೇಲೆ ಪೈಥಾನ್‌ನಲ್ಲಿ ಕಟ್ಟಿದ್ದೇನೆ. ಲೆಕ್ಕಕ್ಕೆ ಹಿಡಿದ ಅಂಕಿಗಳು ಇವು. 9×9 ಅಡಿ ಅಂತರಕ್ಕೆ ಎಕರೆಗೆ ಸುಮಾರು 550 ಮರ, ಒಟ್ಟು 16,500. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್. ಪೈಪಿನಲ್ಲಿ ನಾಲ್ಕು ದಿನಕ್ಕೊಮ್ಮೆ 175 ಲೀಟರ್, ಅಂದರೆ ದಿನಕ್ಕೆ 44. ಏಪ್ರಿಲ್‌ನಲ್ಲಿ ಹಳ್ಳದ ಹರಿವು ಸೆಕೆಂಡಿಗೆ 5 ಲೀಟರ್, ದಿನಕ್ಕೆ 4.32 ಲಕ್ಷ ಲೀಟರ್. ನೀರು ಸಾಲದಿದ್ದರೆ ಎಲ್ಲರಿಗೂ ಒಂದೇ ಅನುಪಾತದಲ್ಲಿ ಕಡಿತ. ಮನೆಗಳು ತಂತ್ರ ಬದಲಿಸುವುದಕ್ಕೆ ರೆಪ್ಲಿಕೇಟರ್ ಸಮೀಕರಣ, ಅಂದರೆ ಹೆಚ್ಚು ಆದಾಯ ಕೊಡುವ ತಂತ್ರ ಹರಡುತ್ತಾ ಹೋಗುತ್ತದೆ ಎಂಬ ಲೆಕ್ಕ.

19 ಮನೆ ಡ್ರಿಪ್ಪಿನಲ್ಲಿದ್ದು ಶುರು ಮಾಡಿದರೂ ಕೊನೆಗೆ ಡ್ರಿಪ್ ಸೊನ್ನೆಗೆ ಇಳಿಯುತ್ತದೆ. ಎಲ್ಲರೂ ಡ್ರಿಪ್ಪಿನಲ್ಲಿದ್ದರೆ 2.97 ಲಕ್ಷ ಲೀಟರ್ ಸಾಕು, ನೀರು ಉಳಿಯುತ್ತದೆ. ಎಲ್ಲರೂ ಪೈಪಿನಲ್ಲಿದ್ದರೆ 7.26 ಲಕ್ಷ ಬೇಕು, ಸಾಲುವುದಿಲ್ಲ. ಇಷ್ಟು ಸ್ಪಷ್ಟ ಇರುವಾಗ ಮಾದರಿ ಕೆಟ್ಟ ಕಡೆಗೇ ಯಾಕೆ ಜಾರುತ್ತದೆ? ಕೋಡಿನಲ್ಲಿ ತಪ್ಪಿದೆಯೋ, ಹಿಡಿದದ್ದರಲ್ಲೇ ತಪ್ಪಿದೆಯೋ?

ಆಟಗಣಿತ

ಕೋಡಿನಲ್ಲಿ ತಪ್ಪಿಲ್ಲ ಸರ್. ನೀವು ಹಿಡಿದ ನಿಯಮಕ್ಕೆ ಬರಬೇಕಾದ ಉತ್ತರವೇ ಬಂದಿದೆ. ಯಾಕೆ ಅಂತ ಬಿಡಿಸಿ ನೋಡೋಣ.

ಪೂರೈಕೆ ಅನುಪಾತವನ್ನು (ಬೇಕಾದ ನೀರಿನಲ್ಲಿ ಸಿಗುವ ಪಾಲು) ರ ಅನ್ನಿ, ಡ್ರಿಪ್ ಮನೆಗಳ ಸಂಖ್ಯೆಯನ್ನು ಕ ಅನ್ನಿ. ಒಂದು ಮನೆ ಪೈಪಿನಿಂದ ಡ್ರಿಪ್ಪಿಗೆ ಬಂದರೆ ದಿನಕ್ಕೆ 0.2145 ಲಕ್ಷ ಲೀಟರ್ ಉಳಿಯುತ್ತದೆ. ಹಾಗಾಗಿ ರ = 4.32 ÷ (7.26 − 0.2145 × ಕ), ಗರಿಷ್ಠ 1. ಪೈಪಿನ 44 ಲೀಟರಿನಿಂದ ಮರಕ್ಕೆ ಆಗುವ ಪ್ರಯೋಜನವೂ ಡ್ರಿಪ್ಪಿನ 18 ಲೀಟರಿನದೂ ಒಂದೇ ಎಂದು ಹಿಡಿದರೆ, ಕಡಿತದ ದಿನ ಇಬ್ಬರಿಗೂ ರ ಭಾಗವೇ ಸಿಗುತ್ತದೆ. ಡ್ರಿಪ್ ಹಾಕಿದವರು ಉಳಿಸಿದ ನೀರು ಅವರ ತೋಟದಲ್ಲಿ ಉಳಿಯುವುದಿಲ್ಲ, ಹಳ್ಳದಲ್ಲೇ ಇದ್ದು 20 ಮನೆಗೂ ಹಂಚಿಹೋಗುತ್ತದೆ. ಡ್ರಿಪ್ಪಿನ ಖರ್ಚು ಮಾತ್ರ ಅವರೊಬ್ಬರದೇ. ಪೂರ್ಣ ನೀರು ಸಿಕ್ಕ ವರ್ಷದ ನಿವ್ವಳ ಆದಾಯವನ್ನು 1 ಎಂದು ಇಟ್ಟು ಆ ಖರ್ಚನ್ನು 0.03 ಅನ್ನಿ. ಕ ಎಷ್ಟೇ ಇರಲಿ, ಪೈಪ್ ಮನೆಯ ಆದಾಯ ಡ್ರಿಪ್ ಮನೆಗಿಂತ ಸರಿಯಾಗಿ 0.03 ಹೆಚ್ಚು. ರೆಪ್ಲಿಕೇಟರ್ ಸಮೀಕರಣ ನೋಡುವುದು ಈ ವ್ಯತ್ಯಾಸವನ್ನು ಮಾತ್ರ, ಆದ್ದರಿಂದ ಡ್ರಿಪ್ ಅಳಿಯಲೇಬೇಕು.

ಈಗ ಬೇರೆ ನಿಯಮ ಹಾಕಿ. ಮನೆಯವರು ಪಕ್ಕದ ತೋಟ ನೋಡುವುದಿಲ್ಲ. "ನಾನು ಬದಲಾದರೆ ನನ್ನ ತೋಟಕ್ಕೆ ಬರುವ ನೀರು ಎಷ್ಟು ಹೆಚ್ಚುತ್ತದೆ" ಅಂತ ಲೆಕ್ಕ ಹಾಕುತ್ತಾರೆ. ಇದಕ್ಕೆ ಬೆಸ್ಟ್ ರೆಸ್ಪಾನ್ಸ್ ಅನ್ನುತ್ತಾರೆ. ಮೊದಲನೆಯ ಮನೆ ಬದಲಾದರೆ ರ 0.595ರಿಂದ 0.613ಕ್ಕೆ ಏರುತ್ತದೆ, ಲಾಭ 0.018. ಇದು 0.03ಕ್ಕೆ ಸಾಲದು. ಒಂಬತ್ತನೆಯ ಮನೆಗೆ 0.779ರಿಂದ 0.811, ಲಾಭ 0.031. ಇಲ್ಲಿಂದ ಮುಂದೆ ಖರ್ಚು ಗಿಟ್ಟುತ್ತದೆ. ಹದಿಮೂರನೆಯ ಮನೆಗೆ ಲಾಭ 0.044, ಇದೇ ಶಿಖರ. ಹದಿನಾಲ್ಕನೆಯದಕ್ಕೆ 0.034, ಅಲ್ಲಿಗೆ ರ 1 ಮುಟ್ಟುತ್ತದೆ. ಹದಿನೈದನೆಯವರಿಗೆ ಲಾಭ ಸೊನ್ನೆ.

ಅಂದರೆ ಅದೇ ಹಳ್ಳ, ಅದೇ ಖರ್ಚು. ನೋಡಿ ನಕಲು ಮಾಡುವ ಊರಿನಲ್ಲಿ ಡ್ರಿಪ್ ಸೊನ್ನೆ. ಲೆಕ್ಕ ಹಾಕುವ ಊರಿನಲ್ಲಿ ಮೊದಲ 8 ಮನೆ ಹೇಗಾದರೂ ಬಂದರೆ ಉಳಿದ 6 ತಾವಾಗಿಯೇ ಬಂದು 14ಕ್ಕೆ ನಿಲ್ಲುತ್ತದೆ, 6 ಮನೆ ಪೈಪಿನಲ್ಲೇ ಇರುತ್ತವೆ. 8 ಮುಟ್ಟದಿದ್ದರೆ ಬಂದವರೂ ಹಿಂದಿರುಗುತ್ತಾರೆ. ನಿಮ್ಮ ಮಾದರಿಯ ಉತ್ತರವನ್ನು ನಿರ್ಧರಿಸಿದ್ದು ನೀರಲ್ಲ, ನೀವು ಯೋಚಿಸದೆ ಎತ್ತಿಕೊಂಡ ಕಲಿಕೆಯ ನಿಯಮ.

ರೆಪ್ಲಿಕೇಟರ್ ಸಮೀಕರಣವನ್ನು 1978ರಲ್ಲಿ ಪೀಟರ್ ಟೇಲರ್ ಮತ್ತು ಲಿಯೋ ಜಾಂಕರ್ ಬರೆದದ್ದು ಪ್ರಾಣಿಗಳ ಲೆಕ್ಕಕ್ಕೆ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಹಾಕಿಕೊಟ್ಟ ದಾರಿಯ ಮುಂದುವರಿಕೆ ಅದು. ಅಲ್ಲಿ ಲಾಭ ಅಂದರೆ ಸಂತಾನ. ಮನುಷ್ಯರಿಗೆ ಹಾಕುವಾಗ "ಹೆಚ್ಚು ಗಳಿಸಿದವರನ್ನು ನಕಲು ಮಾಡುತ್ತಾರೆ" ಎಂಬ ಇನ್ನೊಂದು ಊಹೆ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ಹೊರಗೆ ತಂದು ಪರೀಕ್ಷಿಸಲೇಬೇಕು.

ಹಳ್ಳದಂಚು

ಇದು ಹೊಳೆದಿರಲಿಲ್ಲ. ಹಾಗಾದರೆ ಊರಿನವರು ಯಾವ ನಿಯಮದಲ್ಲಿ ಬದಲಾಗುತ್ತಾರೆ ಅನ್ನುವುದನ್ನು ತಿಳಿಯುವುದು ಹೇಗೆ? "ನೀವು ನಕಲು ಮಾಡುತ್ತೀರೋ ಲೆಕ್ಕ ಹಾಕುತ್ತೀರೋ" ಅಂತ ಕೇಳಿದರೆ ಎಲ್ಲರೂ ಲೆಕ್ಕ ಅಂತಲೇ ಹೇಳುತ್ತಾರೆ.

ಅಂಕಿಗಾರ

ನೇರ ಕೇಳಬೇಡಿ. ಎರಡು ದಾರಿ ಇದೆ, ಎರಡನ್ನೂ ಮಾಡಿ.

ಮೊದಲನೆಯದು ಕಾರ್ಡು. ಪ್ರತಿ ಮನೆಗೂ ಒಂದೊಂದಾಗಿ ಕಾರ್ಡು ತೋರಿಸಿ: "ಹಳ್ಳದಲ್ಲಿ 0 ಮನೆ ಡ್ರಿಪ್ ಹಾಕಿದ್ದರೆ ನೀವು ಹಾಕುತ್ತೀರಾ? 4 ಮನೆ? 8? 12? 16?" ಐದು ಉತ್ತರ ಬರೆದುಕೊಳ್ಳಿ. ಕಾರ್ಡಿನ ಕ್ರಮ ಮನೆಯಿಂದ ಮನೆಗೆ ಬದಲಿಸಿ, ಏರಿಕೆಯಲ್ಲೇ ಕೇಳಿದರೆ ಎಲ್ಲೋ ಒಂದು ಕಡೆ "ಹೂಂ" ಅನ್ನಬೇಕೆಂಬ ಒತ್ತಡ ಬರುತ್ತದೆ. ಮನೆಯಲ್ಲಿ ಹಣದ ನಿರ್ಧಾರ ಮಾಡುವವರು ಒಬ್ಬರು, ತೋಟಕ್ಕೆ ನೀರು ಬಿಡುವವರು ಇನ್ನೊಬ್ಬರು ಇರಬಹುದು. ಇಬ್ಬರನ್ನೂ ಬೇರೆ ಬೇರೆ ಕೇಳಿ. ಉತ್ತರ 8ರ ಆಸುಪಾಸು "ಇಲ್ಲ"ದಿಂದ "ಹೌದು"ಗೆ ತಿರುಗಿ 16ಕ್ಕೆ ಮತ್ತೆ "ಇಲ್ಲ" ಆದರೆ ಅದು ಲೆಕ್ಕದ ಮನೆ. 12, 16 ಎಂದಂತೆ "ಹೌದು" ಗಟ್ಟಿಯಾಗುತ್ತಾ ಹೋದರೆ ಅದು ಹತ್ತು ಜನರಂತೆ ನಡೆಯುವ ಮನೆ. ಎಲ್ಲದಕ್ಕೂ "ಹೌದು" ಅನ್ನುವವರಿಗೆ ನೀರಿನ ಆಟವೇ ಅನ್ವಯಿಸುವುದಿಲ್ಲ. ಆಳು ಸಿಗದೆ ಡ್ರಿಪ್ ಹಾಕುವವರು ಇಂಥವರು, ಅವರ ಖರ್ಚಿನ ಅಂಕಿ ಸೊನ್ನೆಗಿಂತ ಕೆಳಗಿರುತ್ತದೆ.

ಎರಡನೆಯದು ಆಗಿಹೋದದ್ದರ ದಾಖಲೆ. ಯಾವ ಮನೆ ಯಾವ ವರ್ಷ ಬದಲಾಯಿತು, ಆ ವರ್ಷ ಅದರ ಮೂರು ಹತ್ತಿರದ ಮನೆಗಳಲ್ಲಿ ಎಷ್ಟು ಡ್ರಿಪ್ಪಿನಲ್ಲಿದ್ದವು, ಹಿಂದಿನ ಬೇಸಿಗೆಯಲ್ಲಿ ಹಳ್ಳದ ಹರಿವು ಎಷ್ಟು ದಿನ ನಿಂತಿತ್ತು. ಡ್ರಿಪ್ ಹಾಕಿ ಬಿಟ್ಟವರನ್ನೂ ಬರೆಯಿರಿ. ಹಾಕಿದವರ ಪಟ್ಟಿ ಮಾತ್ರ ಇಟ್ಟುಕೊಂಡು ಹೊರಟರೆ ಡ್ರಿಪ್ ಸದಾ ಗೆಲ್ಲುವಂತೆ ಕಾಣುತ್ತದೆ. ಒಂದೇ ಹಳ್ಳದ 20 ಮನೆಯಿಂದ ನಿಯಮಗಳನ್ನು ಬೇರ್ಪಡಿಸಲು ಆಗುವುದಿಲ್ಲ, ನಾಲ್ಕೈದು ಹಳ್ಳ ಸೇರಿಸಲೇಬೇಕು.

ಇನ್ನೊಂದು ಮುಖ್ಯ ವಿಷಯ. "ರೈತರು ತಮ್ಮ ತೋಟದ ಫಲ ನೋಡಿ ಕಲಿಯುತ್ತಾರೆ" ಅನ್ನುವ ನಿಯಮವನ್ನು ಇಲ್ಲಿ ಹಾಕಬೇಡಿ. 10 ಮನೆ ಡ್ರಿಪ್ಪಿನಲ್ಲಿದ್ದಾಗ ಹರಿವು 5 ಲೀಟರ್ ಇದ್ದರೆ ರ 0.845. ಮುಂದಿನ ವರ್ಷ ಹರಿವು 4ಕ್ಕೆ ಇಳಿದರೆ ರ 0.676. ಮಳೆಯಿಂದಲೇ ನೂರಕ್ಕೆ 17 ಅಂಶದ ಏರಿಳಿತ. ಅದರ ನಡುವೆ ತನ್ನ ನಿರ್ಧಾರದಿಂದ ಬಂದ 3 ಅಂಶ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಮೇಲೆ, ನೀರಿಲ್ಲದೆ ಸೊರಗಿದ ಅಡಿಕೆ ಮರ ಮೊದಲಿನ ಇಳುವರಿಗೆ ಬರಲು 2-3 ವರ್ಷ ಹಿಡಿಯುತ್ತದೆ. ಈ ವರ್ಷದ ಅಡಿಕೆ ಕೊನೆ (ಗೊನೆ) ನೋಡಿ ಈ ವರ್ಷದ ನೀರನ್ನು ಅಳೆಯುವ ಹಾಗೇ ಇಲ್ಲ.

ಲ್ಯಾಟರಲ್

ಡ್ರಿಪ್ಪಿನ ಖರ್ಚನ್ನು 0.03 ಅಂತ ಸ್ಥಿರ ಇಟ್ಟಿದ್ದೀರಲ್ಲ, ಅದು ಸ್ಥಿರ ಅಲ್ಲ ಮಾರಾಯ್ರೆ. ಸಹಾಯಧನ ಸಿಕ್ಕುವುದು ಪೈಪು, ಫಿಲ್ಟರ್ ಕೊಳ್ಳಲು. ಪ್ರತಿವರ್ಷದ ಖರ್ಚು ಬೇರೆ: ಫಿಲ್ಟರ್ ತೊಳೆಯುವುದು, ಹಂದಿ, ಇಲಿ ಕಡಿದ ಲ್ಯಾಟರಲ್ (ಮರದ ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪು) ಬದಲಿಸುವುದು, ಕಟ್ಟಿಕೊಂಡ ಡ್ರಿಪ್ಪರ್ ಹುಡುಕುವುದು.

ಹಳ್ಳದ ನೀರು ಬೋರಿನ ನೀರಿನಂತಲ್ಲ. ಮಾರ್ಚ್ ದಾಟಿದ ಮೇಲೆ ಗುಂಡಿಯಲ್ಲಿ ಪಾಚಿ, ತಳದ ಕೆಸರು, ಕೊಳೆತ ಎಲೆ. ಬರೀ ಜಾಲರಿ ಫಿಲ್ಟರ್ ನಿಲ್ಲುವುದಿಲ್ಲ, ಮರಳಿನ ಫಿಲ್ಟರ್ ಆದ ಮೇಲೆ ಡಿಸ್ಕ್ ಫಿಲ್ಟರ್ ಬೇಕು. ಒಳಹೋಗುವ ಮತ್ತು ಹೊರಬರುವ ಕಡೆಯ ಪ್ರೆಶರ್ ಗೇಜಿನ ವ್ಯತ್ಯಾಸ (ಚದರ ಸೆಂಟಿಮೀಟರಿಗೆ) ಅರ್ಧ ಕೆಜಿ ದಾಟಿದರೆ ತೊಳೆಯುವ ಹೊತ್ತು ಬಂತು ಎಂದರ್ಥ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ 18 ಲೀಟರಿಗೆ ಎರಡೂಕಾಲು ಗಂಟೆ. ಪರೀಕ್ಷೆ ಸುಲಭ: ಅಳತೆ ಲೋಟ ಹಿಡಿದು ಒಂದು ನಿಮಿಷ ಕಾಯಿರಿ, 67 ಎಂಎಲ್ ಬರಬೇಕು. 50ಕ್ಕಿಂತ ಕೆಳಗಿದ್ದರೆ ಕಟ್ಟಿದೆ. ಪ್ರತಿ ಲೈನಿನ ಮೊದಲ, ನಡುವಿನ, ಕೊನೆಯ ಮರದಲ್ಲಿ ನೋಡಿ. ಕೊನೆಯದು ಸೊರಗಿ ಮೊದಲನೆಯದು ಸರಿ ಇದ್ದರೆ ಕಟ್ಟಿದ್ದಲ್ಲ, ಒತ್ತಡದ ಕೊರತೆ.

ಇದರಿಂದ ಮಾದರಿಗೆ ಏನಾಗುತ್ತದೆ ನೋಡಿ. ಹಳ್ಳ ಇಳಿದಷ್ಟೂ ನೀರು ಕೆಸರಾಗುತ್ತದೆ, ಖರ್ಚು ಏರುತ್ತದೆ. ಆಟಗಣಿತ ಅವರ ಲೆಕ್ಕದಲ್ಲೇ ಖರ್ಚು 0.03ರ ಬದಲು 0.04 ಮಾಡಿದರೆ, ತಾನಾಗಿ ಮುಂದುವರಿಯಲು 8 ಮನೆ ಸಾಲದು, 11 ಬೇಕು. ಜೊತೆಗೆ 14ನೆಯವರ 0.034 ಕೂಡ ಗಿಟ್ಟದೆ 13ಕ್ಕೇ ನಿಲ್ಲುತ್ತದೆ. 0.044 ದಾಟಿದರೆ ಯಾರಿಗೂ ಗಿಟ್ಟುವುದಿಲ್ಲ, ಇದ್ದವರೂ ಪೈಪ್ ಎತ್ತಿಕೊಳ್ಳುತ್ತಾರೆ. ಡ್ರಿಪ್ ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅದನ್ನು ಬಿಡುವ ಒತ್ತಡ ಅತಿ ಹೆಚ್ಚು. ಖರ್ಚನ್ನು ಹರಿವಿಗೆ ಕಟ್ಟಿ ಬರೆಯಿರಿ, ಸ್ಥಿರಾಂಕ ಮಾಡಬೇಡಿ. ಹಳ್ಳದ ಬದಿಯಲ್ಲಿ ಜಲ್ಲಿ ತುಂಬಿದ ಇಂಗುಬಾವಿ ತೆಗೆದು ಅಲ್ಲಿಂದ ನೀರೆತ್ತಿದರೆ ಈ ಏರಿಕೆ ಬಹಳ ಮಟ್ಟಿಗೆ ನಿಲ್ಲುತ್ತದೆ, ಅದನ್ನು ಮಾದರಿಯಲ್ಲಿ ಬೇರೆ ಸನ್ನಿವೇಶವಾಗಿ ಓಡಿಸಿ.

ಬಸಿಗಾಲುವೆ

ಒಂದು ಆಕ್ಷೇಪ. ಪೈಪಿನಲ್ಲಿ ಹೆಚ್ಚಾಗಿ ಬಿಟ್ಟ 26 ಲೀಟರ್ ಪೂರ್ತಿ ನಷ್ಟ ಅಂತ ಹಿಡಿದಿದ್ದೀರಿ. ಕಣಿವೆಯ ತೋಟದಲ್ಲಿ ಅದು ಹಾಗಲ್ಲ. ಒಂದು ಪಾಲು ಇಂಗಿ, ಬಸಿಗಾಲುವೆ ಹಿಡಿದು ಮತ್ತೆ ಹಳ್ಳಕ್ಕೇ ಬರುತ್ತದೆ, ಕೆಳಗಿನ ಮನೆ ಅದನ್ನೇ ಎತ್ತುತ್ತದೆ. ಆ ಹೆಚ್ಚುವರಿಯಲ್ಲಿ ಶೇಕಡಾ 40 ಮರಳುತ್ತದೆ ಎಂದು ಇಟ್ಟು ಲೆಕ್ಕ ಮಾಡಿ ನೋಡಿ. ಪೈಪಿನ ನಿಜವಾದ ಬಳಕೆ 44 ಅಲ್ಲ, 33.6. ಎಲ್ಲರೂ ಪೈಪಾದರೆ ಬೇಕಾದ್ದು 5.54 ಲಕ್ಷ ಲೀಟರ್. ಆಗ 14 ಡ್ರಿಪ್ ಮನೆ ಬೇಡ, 10 ಸಾಕು.

ಕೇಳಲು ಒಳ್ಳೆಯ ಸುದ್ದಿ. ಆದರೆ ಪ್ರತಿ ಮನೆಯ ಲಾಭವೂ ಕುಗ್ಗಿತು. ಮೊದಲನೆಯ ಮನೆಗೆ 0.019, ಅತಿ ಹೆಚ್ಚೆಂದರೆ ಒಂಬತ್ತನೆಯದಕ್ಕೆ 0.028. ಖರ್ಚು 0.03 ಇದ್ದರೆ ಒಂದು ಮನೆಗೂ ಗಿಟ್ಟುವುದಿಲ್ಲ, ಎಷ್ಟು ಮನೆ ತಂದು ಕೂರಿಸಿದರೂ ನಿಲ್ಲುವುದಿಲ್ಲ. ಮರಳುವ ನೀರು ಊರಿನ ಅಗತ್ಯವನ್ನೂ ಕಡಿಮೆ ಮಾಡುತ್ತದೆ, ಬದಲಾಗುವ ಕಾರಣವನ್ನೂ ಕಡಿಮೆ ಮಾಡುತ್ತದೆ. ಈ ಅಂಕಿಯನ್ನು ಅಳೆಯದೆ ಮಾದರಿಯ ಮೇಲೆ ಏನೂ ಹೇಳಬಾರದು. ಅಳೆಯುವುದು ಕಷ್ಟವೂ ಅಲ್ಲ: ಮಳೆ ಬರದ ವಾರ ನೋಡಿ, ನೀರು ಬಿಟ್ಟ ದಿನದಿಂದ ನಾಲ್ಕು ದಿನ ಬಸಿಗಾಲುವೆಯ ಬಾಯಲ್ಲಿ ಬಕೆಟ್ ಇಟ್ಟು ದಿನಕ್ಕೆ ಮೂರು ಹೊತ್ತು ಹರಿವು ಬರೆದುಕೊಂಡರೆ ಸಾಕು. ನೀರು ಬಿಡುವ ಮೊದಲೇ ಅಲ್ಲಿದ್ದ ಒರತೆಯ ಹರಿವನ್ನು ಕಳೆಯುವುದನ್ನು ಮರೆಯಬೇಡಿ.

ಆಟಗಣಿತ

ಒಪ್ಪಿದೆ. ನನ್ನ 8 ಮತ್ತು 14 ಎರಡೂ ಆ ಅಂಕಿಯ ಮೇಲೆ ನಿಂತಿವೆ. ಮರಳುವ ಪಾಲನ್ನು ಸೊನ್ನೆಯಿಂದ 50ರವರೆಗೆ ಓಡಿಸಿ ತೋರಿಸುವುದೇ ಸರಿ.

ನೋಚ್

ದಿನದ ಒಟ್ಟು ನೀರಿನ ಲೆಕ್ಕವೇ ಇಲ್ಲಿ ದಾರಿ ತಪ್ಪಿಸುತ್ತಿದೆ. ನೀರಾವರಿ ಪಂಪಿಗೆ ಮೂರು ಫೇಸ್ ಕರೆಂಟ್ ದಿನಕ್ಕೆ 7 ಗಂಟೆ. 20 ಮೀಟರ್ ಎತ್ತರಕ್ಕೆ, ಅರ್ಧ ದಕ್ಷತೆಯಲ್ಲಿ, 5 ಎಚ್‌ಪಿ ಪಂಪ್ ಸೆಕೆಂಡಿಗೆ ಸುಮಾರು 9.4 ಲೀಟರ್ ಎತ್ತುತ್ತದೆ. ಹಳ್ಳ ಕೊಡುವುದು 5. ಎರಡು ಪಂಪ್ 7 ಗಂಟೆ ಓಡಿದರೆ 4.74 ಲಕ್ಷ ಲೀಟರ್, ಇಡೀ ದಿನದ ಹರಿವಿಗಿಂತ ಹೆಚ್ಚು. ಎಲ್ಲ ಕಡೆ ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಎಳೆಯುತ್ತವೆ. 10 ಎಚ್‌ಪಿವರೆಗೆ ಬಿಲ್ ಇಲ್ಲದ್ದರಿಂದ ಹೆಚ್ಚು ಹೊತ್ತು ಓಡಿಸಿದ್ದಕ್ಕೆ ಖರ್ಚೂ ಇಲ್ಲ.

ಆ 7 ಗಂಟೆಯಲ್ಲಿ ಹಳ್ಳ ಹರಿಸುವುದು 1.26 ಲಕ್ಷ ಲೀಟರ್ ಮಾತ್ರ. ಉಳಿದ 17 ಗಂಟೆಯ 3.06 ಲಕ್ಷ ಲೀಟರ್ ಎಲ್ಲಾದರೂ ನಿಂತಿರಬೇಕು, ಇಲ್ಲದಿದ್ದರೆ ಹರಿದುಹೋಯಿತು. ಅದಕ್ಕೆ ಕಟ್ಟ (ಹಳ್ಳಕ್ಕೆ ಅಡ್ಡ ಹಾಕುವ ಒಡ್ಡು) ಬೇಕು: 5 ಮೀಟರ್ ಅಗಲ, 60 ಮೀಟರ್ ಉದ್ದ, 1 ಮೀಟರ್ ಆಳ ನೀರು ನಿಂತರೆ 300 ಘನ ಮೀಟರ್, ಸರಿಸುಮಾರು ಅಷ್ಟೇ. ಕಟ್ಟ ಸೋರಿ ಅರ್ಧ ಮಾತ್ರ ನಿಂತರೆ ಸಿಗುವುದು 2.79 ಲಕ್ಷ. ಆಗ 20 ಮನೆಯೂ ಡ್ರಿಪ್ ಹಾಕಿದರೂ 2.97 ತುಂಬುವುದಿಲ್ಲ. ಮೊದಲ ಆಟ ಡ್ರಿಪ್ಪಿನದಲ್ಲ, ಡಿಸೆಂಬರಿನಲ್ಲಿ ಕಟ್ಟ ಹಾಕಲು ಯಾರು ಆಳು ಕಳಿಸುತ್ತಾರೆ ಅನ್ನುವುದರದು. ಅದನ್ನು ಮೊದಲ ಹಂತವಾಗಿ ಬರೆಯಿರಿ.

ಹರಿವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ದಪ್ಪ ತಗಡಿನಲ್ಲಿ 90 ಡಿಗ್ರಿ ವಿ ನೋಚ್ (ವಿ ಅಕ್ಷರದ ಆಕಾರದ ಕಚ್ಚು) ಕತ್ತರಿಸಿ, ಹರಿವಿಗೆ ಅಡ್ಡ, ಮಟ್ಟ ಹಿಡಿದು ನಿಲ್ಲಿಸಿ. ಬದಿ, ತಳವನ್ನು ಜೇಡಿಮಣ್ಣಿನಲ್ಲಿ ಬಿಗಿ ಮಾಡಿ. ನೀರಿನ ಎತ್ತರವನ್ನು ನೋಚಿನ ಬಾಯಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿರುತ್ತದೆ. ಎತ್ತರದ ನಾಲ್ಕು ಪಟ್ಟು ಹಿಂದೆ ಗೂಟ ನೆಟ್ಟು ಅಳೆಯಿರಿ. ಎತ್ತರ ಮೀಟರಿನಲ್ಲಿ, ಅದರ 2.5 ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಘನ ಮೀಟರ್. 9 ಸೆಂಟಿಮೀಟರಿಗೆ 3.4 ಲೀಟರ್, 10ಕ್ಕೆ 4.4, 11ಕ್ಕೆ 5.5. ಒಂದು ಸೆಂಟಿಮೀಟರ್ ತಪ್ಪಿದರೆ ಒಂದು ಲೀಟರ್ ತಪ್ಪಿತು. ಹರಿವು 6 ಇದ್ದರೆ 10 ಡ್ರಿಪ್ ಮನೆ ಸಾಕು, 5 ಇದ್ದರೆ 14, 4 ಇದ್ದರೆ 18. ಗೂಟದ ಮೇಲಿನ ಆ ಒಂದು ಸೆಂಟಿಮೀಟರಿನಲ್ಲಿ ನಾಲ್ಕು ಮನೆಗಳ ವ್ಯತ್ಯಾಸ ಇದೆ.

ಮುಯ್ಯಾಳು

ಕಟ್ಟದ ಮಾತು ಬಂದದ್ದು ಒಳ್ಳೆಯದಾಯಿತು. ಇಲ್ಲಿಯವರೆಗಿನ ಲೆಕ್ಕದಲ್ಲಿ ಯಾರೂ ಯಾರಿಗೂ ಏನೂ ಅಲ್ಲ, ನೀರು ಬಿಟ್ಟರೆ ಬೇರೆ ಸಂಬಂಧವೇ ಇಲ್ಲ. ಮಲೆನಾಡಿನ ಕೇರಿ ಹಾಗಿಲ್ಲ. ಅಡಿಕೆ ಕೊನೆ ಕೊಯ್ಲಿಗೆ, ಸುಲಿಯಲು, ಸೊಪ್ಪು ಹೊರಲು ಮುಯ್ಯಾಳು, ಅಂದರೆ ಆಳಿಗೆ ಆಳು ಕಳಿಸಿ ತೀರಿಸುವ ಪದ್ಧತಿ, ನಡೆಯುತ್ತದೆ. ಹಳ್ಳದಲ್ಲಿ ನಡತೆ ಕೆಟ್ಟರೆ ಕಣದಲ್ಲಿ ಆಳು ಬರುವುದಿಲ್ಲ. ಈ ಕೊಂಡಿ ಇಲ್ಲದ ಮಾದರಿ ಇಲ್ಲಿಗೆ ಒಪ್ಪುವುದಿಲ್ಲ.

ಬರೆಯುವುದು ಹೀಗೆ. ಡ್ರಿಪ್ ಮನೆಗಳ ಪಾಲನ್ನು ಪ ಅನ್ನಿ, ಅವು ಪೈಪ್ ಮನೆಗಳಿಗೆ ಮುಯ್ಯಿ ನಿಲ್ಲಿಸುತ್ತವೆ ಎಂದು ಹಿಡಿಯಿರಿ. ಎಲ್ಲರೂ ಕೈಬಿಟ್ಟರೆ ಒಂದು ಪೈಪ್ ಮನೆಗೆ ಆಗುವ ನಷ್ಟ ಹ. ಮುಯ್ಯಿ ತಪ್ಪಿದ ಪೈಪ್ ಮನೆಗೆ ಆಗುವ ನಷ್ಟ ಹ × ಪ, ಯಾಕೆಂದರೆ ಎಷ್ಟು ಮನೆ ಕೈಬಿಟ್ಟವೋ ಅಷ್ಟು ಪೆಟ್ಟು. ಕೈಬಿಟ್ಟವರಿಗೂ ಒಬ್ಬ ಜೊತೆಗಾರ ತಪ್ಪುತ್ತಾನೆ, ಅವರ ನಷ್ಟ ಇ × (1 − ಪ). ಈಗ ನಕಲು ಮಾಡುವ ನಿಯಮದಲ್ಲೂ ಡ್ರಿಪ್ ಗೆಲ್ಲಬಹುದು: ಹ × ಪ ಎಂಬುದು ಖರ್ಚು ಮತ್ತು ಇ × (1 − ಪ) ಎರಡನ್ನೂ ಮೀರಬೇಕು, ಅಷ್ಟೆ. ಖರ್ಚು 0.03, ಹ 0.06, ಇ 0.02 ಎಂದರೆ ಗಡಿ 0.05 ÷ 0.08, ಅಂದರೆ 0.625, 13 ಮನೆ. ಅದನ್ನು ದಾಟಿದರೆ 14ಕ್ಕೆ ನಿಲ್ಲುವುದಿಲ್ಲ, 20ಕ್ಕೂ ಹೋಗುತ್ತದೆ.

ಸುಲಿಯುವ ಯಂತ್ರ ಬಂದು, ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊನೆ ಇಳಿಸುವುದು ಶುರುವಾದಂತೆ ಮುಯ್ಯಾಳಿನ ಅವಲಂಬನೆ ಕಡಿಮೆಯಾಗುತ್ತದೆ, ಹ ಇಳಿಯುತ್ತದೆ. ಹ 0.04 ಆದರೆ ಗಡಿ 17 ಮನೆ. 0.03ಕ್ಕೆ ಬಂದರೆ ಗಡಿಯೇ ಇಲ್ಲ, ಯಾವ ಸಂಖ್ಯೆಯಿಂದ ಹೊರಟರೂ ಪೈಪ್. ಕಣದಲ್ಲಿ ಬಂದ ಯಂತ್ರ ಹಳ್ಳದ ಒಪ್ಪಂದವನ್ನು ಮುರಿಯಬಲ್ಲದು ಅಂತ ಮಾದರಿ ಹೇಳುತ್ತದೆ, ಇದನ್ನು ಊರಿನಲ್ಲಿ ಪರೀಕ್ಷಿಸಬಹುದು. ಯಂತ್ರ ಬಂದ ಕೇರಿ, ಬರದ ಕೇರಿ ಎರಡನ್ನೂ ಸಮೀಕ್ಷೆಗೆ ತೆಗೆದುಕೊಳ್ಳಿ.

ಶಿಕ್ಷೆಯ ವಿಷಯದಲ್ಲಿ ಎರಡು ಎಚ್ಚರ. ತಾನು ಡ್ರಿಪ್ ಹಾಕಿ, ಆದರೆ ಯಾರ ಮುಯ್ಯಿಯನ್ನೂ ನಿಲ್ಲಿಸದವರು ಇರುತ್ತಾರೆ. ಅವರಿಗೆ ಇ ಖರ್ಚಿಲ್ಲ. ಎಲ್ಲರೂ ಡ್ರಿಪ್ಪಿನಲ್ಲಿರುವಾಗ ಇಬ್ಬರ ಆದಾಯವೂ ಒಂದೇ, ಹಾಗಾಗಿ ಶಿಕ್ಷಿಸುವವರ ಸಂಖ್ಯೆ ಯಾರಿಗೂ ತಿಳಿಯದಂತೆ ಕರಗಬಹುದು. ಒಂದು ದಿನ ಪೈಪ್ ಹಿಡಿದವರನ್ನು ಕೇಳುವವರೇ ಇರುವುದಿಲ್ಲ. ರಾಜೀವ್ ಸೇಠಿ ಮತ್ತು ಇ. ಸೋಮನಾಥನ್ 1996ರಲ್ಲಿ ಸಾಮೂಹಿಕ ಸಂಪನ್ಮೂಲಗಳಿಗೆ ಕಟ್ಟಿದ ಮಾದರಿಯಲ್ಲಿ ಈ ಮೂರೂ ಬಗೆಯವರು (ತಪ್ಪುವವರು, ಶಿಕ್ಷಿಸುವವರು, ತಾವು ಪಾಲಿಸಿ ಶಿಕ್ಷಿಸದವರು) ಇದ್ದಾರೆ, ಅದೇ ಚೌಕಟ್ಟು ಇಲ್ಲಿಗೆ ಹೊಂದುತ್ತದೆ. ಎರಡನೆಯದು, ಮೊದಲ ತಪ್ಪಿಗೇ ಪೂರ್ತಿ ಹ ಹಾಕಬೇಡಿ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಅವರು ಬಹುಕಾಲ ಉಳಿದ ನೀರಾವರಿ ಸಂಘಗಳಲ್ಲಿ ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವ ದಂಡ, ಮತ್ತು ಕಾವಲಿಗೆ ನೀರು ಬಳಸುವವರೇ. ಮೊದಲ ವರ್ಷ ಮಾತು, ಎರಡನೆಯ ವರ್ಷ ಅರ್ಧ ಮುಯ್ಯಿ, ಮೂರನೆಯದಕ್ಕೆ ಪೂರ್ತಿ ನಿಲ್ಲಿಸುವುದು. ಹೀಗೆ ಹಾಕಿದರೆ ಡ್ರಿಪ್ಪರ್ ಕಟ್ಟಿ ಒಂದು ವಾರ ಪೈಪ್ ಹಿಡಿದವರು ಕೇರಿಯಿಂದಲೇ ಹೊರಬೀಳುವುದಿಲ್ಲ.

ಹಳ್ಳದಂಚು

ಮೇಲಿನ ಮನೆ, ಕೆಳಗಿನ ಮನೆ ಅಂತ ಬೇರೆ ಮಾಡಬೇಕೇ? ಸಮಾನ ಕಡಿತ ಅಂತ ಹಿಡಿದದ್ದು ನನಗೇ ಸಮಾಧಾನ ಇಲ್ಲ.

ಮುಯ್ಯಾಳು

ಮಾಡಲೇಬೇಕು. ಮೇಲಿನ 10 ಮನೆ ಪೈಪಿನಲ್ಲಿದ್ದರೆ 3.63 ಲಕ್ಷ ಅಲ್ಲೇ ಹೋಯಿತು. ಕೆಳಗೆ ಬರುವುದು 0.69 ಲಕ್ಷ. ಕೆಳಗಿನ ಹತ್ತೂ ಮನೆ ಡ್ರಿಪ್ ಹಾಕಿದರೂ 1.485 ಬೇಕು, ಅರ್ಧವೂ ಸಿಗುವುದಿಲ್ಲ. ಮೇಲಿನವರ ರ ಸದಾ 1, ಅವರಿಗೆ ನೀರಿನ ಲೆಕ್ಕದಿಂದ ಬದಲಾಗಲು ಒಂದು ಕಾರಣವೂ ಇಲ್ಲ. ಹಾಗಾಗಿ ಒಂದೇ ಪ ಸಾಲದು. ಮೇಲಿನವರಿಗೊಂದು, ಕೆಳಗಿನವರಿಗೊಂದು, ಎರಡು ಜನಸಮೂಹದ ಆಟ ಬರೆಯಿರಿ. ಮೇಲಿನವರು ಬಗ್ಗುವುದು ಕೆಳಗಿನವರ ಕೈಯಲ್ಲಿ ಏನಾದರೂ ಇದ್ದರೆ ಮಾತ್ರ: ಕಟ್ಟಕ್ಕೆ ಆಳು, ಮುಯ್ಯಿ, ಕೆಳಗಿನ ತೋಟ ಹಾದುಹೋಗುವ ದಾರಿ. ಸಮೀಕ್ಷೆಯಲ್ಲಿ ಇದನ್ನು ಮನೆ ಮನೆಗೂ ಕೇಳಿ, ಯಾರು ಯಾರ ಕಣಕ್ಕೆ ಎಷ್ಟು ದಿನ ಹೋಗುತ್ತಾರೆ ಅಂತ. 20×20ರ ಕೋಷ್ಟಕ ಆಗುತ್ತದೆ, ಹ ಅಲ್ಲಿಂದಲೇ ಬರಬೇಕು.

ಅಂಕಿಗಾರ

ಕೋಡ್ ಬಗ್ಗೆ ನಾಲ್ಕು ಮಾತು, ಇಲ್ಲೇ ಹೆಚ್ಚಿನವರು ಎಡವುವುದು.

20 ಮನೆಗೆ ನಿರಂತರ ಸಮೀಕರಣ ಬೇಡ. ನಿರ್ಧಾರ ಆಗುವುದು ವರ್ಷಕ್ಕೊಮ್ಮೆ, ಕೊಯ್ಲಿನ ಹಣ ಕೈಗೆ ಬಂದ ಮೇಲೆ. ಪ್ರತಿವರ್ಷ ಎರಡು ಮೂರು ಮನೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅವರು ಮಾತ್ರ ಮರುಯೋಚನೆ ಮಾಡಲಿ. ನಿರಂತರ ಸಮೀಕರಣವನ್ನು ಆಯ್ಲರ್ ವಿಧಾನದಲ್ಲಿ (ಕಾಲವನ್ನು ತುಂಡು ತುಂಡಾಗಿ ಮುಂದೂಡುತ್ತಾ ಲೆಕ್ಕ ಹಾಕುವುದು) ದೊಡ್ಡ ಹೆಜ್ಜೆ ಇಟ್ಟು ಓಡಿಸಿದರೆ ಪ ಸೊನ್ನೆಗಿಂತ ಕೆಳಗೆ, ಒಂದಕ್ಕಿಂತ ಮೇಲೆ ಹೋಗುತ್ತದೆ. ಅದನ್ನು ಕತ್ತರಿಸಿ ಸರಿಪಡಿಸಿದರೆ ತಪ್ಪು ಮುಚ್ಚಿಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ನಕಲಿಗೆ ಫರ್ಮಿ ಸೂತ್ರ (ಆದಾಯದ ವ್ಯತ್ಯಾಸದಿಂದ ನಕಲಿನ ಸಂಭವ ಕೊಡುವುದು) ಹಾಕುವಾಗ, ವ್ಯತ್ಯಾಸಕ್ಕೆ ಎಷ್ಟು ಚುರುಕಾಗಿ ಸ್ಪಂದಿಸುತ್ತಾರೆ ಅನ್ನುವುದನ್ನು ಹೇಳುವ ಬೀಟಾ ಎಂಬ ಅಂಕಿಯನ್ನು ಆದಾಯದ ಅಳತೆಗೆ ಹೊಂದಿಸಿ. ಆದಾಯದ ವ್ಯತ್ಯಾಸ 0.03 ಇದ್ದು ಬೀಟಾ 10 ಆದರೆ ನಕಲಿನ ಸಂಭವ 0.57, ನಾಣ್ಯ ಚಿಮ್ಮಿದ ಹಾಗೆ. ಬೀಟಾ 100 ಆದರೆ 0.95. ಆದಾಯವನ್ನು ರೂಪಾಯಿಯಲ್ಲಿ ಹಾಕಿ ಬೀಟಾ 1 ಇಟ್ಟರೆ ಘಾತ ಸಾವಿರಾರು ಆಗುತ್ತದೆ, ಪ್ರೋಗ್ರಾಂ ಎಚ್ಚರಿಕೆ ಕೊಟ್ಟು ಮುಂದೆ ಓಡುತ್ತದೆ, ಹತ್ತು ರೂಪಾಯಿ ವ್ಯತ್ಯಾಸಕ್ಕೂ ಎಲ್ಲರೂ ಬದಲಾದಂತೆ ಕಾಣುತ್ತದೆ.

ಬರೀ ನಕಲು ಇದ್ದರೆ "ಎಲ್ಲರೂ ಪೈಪ್", "ಎಲ್ಲರೂ ಡ್ರಿಪ್" ಎರಡೂ ಬಾವಿಯಿದ್ದಂತೆ, ಬಿದ್ದರೆ ಮೇಲೆ ಬರುವುದಿಲ್ಲ. ನಿಜದಲ್ಲಿ ಹೊಸದಾಗಿ ಸಹಾಯಧನಕ್ಕೆ ಅರ್ಜಿ ಹಾಕುವವರು, ಊರಿಗೆ ಮರಳಿದ ಮಕ್ಕಳು ಇರುತ್ತಾರೆ. ಸಣ್ಣ ಸಂಭವದಲ್ಲಿ ತಾನಾಗಿ ಬದಲಾಗುವ ಅವಕಾಶ ಇಡಿ. ಸಾವಿರ ಸಲ, 40 ವರ್ಷದಂತೆ ಓಡಿಸಿ, ಕೊನೆಯ ಸ್ಥಿತಿಯ ಬದಲು ಪ್ರತಿ ಸಂಖ್ಯೆಯಲ್ಲಿ ಎಷ್ಟು ವರ್ಷ ಕಳೆಯಿತು ಅನ್ನುವುದನ್ನು ವರದಿ ಮಾಡಿ.

ಮಾದರಿ ಹೊಂದಿಸಲು ಬಳಸಿದ ಹಳ್ಳದ ಮೇಲೆಯೇ ಅದನ್ನು ಪರೀಕ್ಷಿಸಬೇಡಿ. ಒಂದು ಹಳ್ಳವನ್ನು ಮೊದಲಿಂದಲೇ ಬದಿಗಿಡಿ.

ಬಸಿಗಾಲುವೆ

ಬೋರ್ ತೆಗೆಸಿದವರನ್ನು ಎಲ್ಲಿ ಇಡುತ್ತೀರಿ? ಅವರು ಡ್ರಿಪ್ಪೂ ಅಲ್ಲ, ಹಳ್ಳದ ಪೈಪೂ ಅಲ್ಲ.

ಆಟಗಣಿತ

ಮೂರನೆಯ ತಂತ್ರವಾಗಿ ಇಡಬೇಕು. ಆಟದಿಂದ ಹೊರಗುಳಿಯುವ ಆಯ್ಕೆ ಸೇರಿದರೆ ಏನಾಗುತ್ತದೆ ಎಂದು ಕ್ರಿಸ್ಟೋಫ್ ಹಾವರ್ಟ್ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದ್ದಾರೆ: ಮೂರೂ ಒಂದರ ಹಿಂದೆ ಒಂದು ಸುತ್ತುತ್ತವೆ. ಸಹಕಾರ ಹೆಚ್ಚಾದಾಗ ಬಿಟ್ಟಿ ಬಳಕೆದಾರರು, ಅವರು ಹೆಚ್ಚಾದಾಗ ಹೊರಗುಳಿಯುವವರು, ಹೊರಗುಳಿದವರು ಹೆಚ್ಚಿದಾಗ ಚಿಕ್ಕ ಗುಂಪಿನಲ್ಲಿ ಮತ್ತೆ ಸಹಕಾರ.

ಆದರೆ ಅದನ್ನು ಇಲ್ಲಿಗೆ ಹಾಗೇ ಎತ್ತಿ ತರಬೇಡಿ. ಅಲ್ಲಿ ಹೊರಗುಳಿದವರಿಂದ ಒಳಗಿನವರಿಗೆ ತೊಂದರೆಯಿಲ್ಲ. ಜಂಬಿಟ್ಟಿಗೆ ಗುಡ್ಡದ ಬುಡದಲ್ಲಿ ಬೇಸಿಗೆಯ ಹಳ್ಳ ಅಂದರೆ ಗುಡ್ಡದಿಂದ ಬಸಿದು ಬರುವ ನೀರೇ. ಹತ್ತಿರದ ಬೋರ್ ಆ ನೀರನ್ನೇ ಎಳೆದರೆ ಅವರು ಆಟದಿಂದ ಹೊರಹೋಗಿಲ್ಲ, ಎಲ್ಲರಿಗಿಂತ ಮೇಲಿನ ಮನೆಯಾಗಿದ್ದಾರೆ. ಪ್ರತಿ ಬೋರಿಗೂ "ಹಳ್ಳದಿಂದ ಕಳೆಯುವ ಪಾಲು" ಎಂಬ ಅಂಕಿ ಬೇಕು. ಬೋರ್ ಎರಡು ದಿನ ನಿಲ್ಲಿಸಿ, ಎರಡು ದಿನ ಓಡಿಸಿ, ನೋಚಿನ ಎತ್ತರ ಬರೆದುಕೊಂಡರೆ ಹತ್ತಿರದ ಬೋರುಗಳ ಪ್ರಭಾವ ಸಿಗುತ್ತದೆ. ದೂರದ, ಆಳದ ಬೋರಿನ ಪ್ರಭಾವ ತಿಂಗಳುಗಟ್ಟಲೆ ತಡವಾಗಿ ಬರುವುದರಿಂದ ಈ ಪರೀಕ್ಷೆಯಲ್ಲಿ ಕಾಣದು.

ಹಳ್ಳದಂಚು

ಕಡೆಯ ಪ್ರಶ್ನೆ. ಇದನ್ನೆಲ್ಲ ಕೇರಿಯ ಸಭೆಯ ಮುಂದೆ ಇಡುವಾಗ ಏನು ತೋರಿಸಬೇಕು? ಸಮೀಕರಣ ಇಡಲು ಆಗುವುದಿಲ್ಲ.

ನೋಚ್

ಜನವರಿಯ ಹರಿವು ತೋರಿಸಿ. ಮಳೆ ಇಲ್ಲದ ತಿಂಗಳುಗಳಲ್ಲಿ ಹಳ್ಳ ಒಂದೇ ಲಯದಲ್ಲಿ ಇಳಿಯುತ್ತದೆ. ಜನವರಿ 15ಕ್ಕೆ 14 ಲೀಟರ್, ಏಪ್ರಿಲ್ 15ಕ್ಕೆ 5 ಎಂದು ಒಂದು ವರ್ಷ ಅಳೆದರೆ, 90 ದಿನಕ್ಕೆ 2.8 ಪಟ್ಟು ಇಳಿಕೆ. ಆ ಪ್ರಮಾಣ ಗೊತ್ತಾದ ಮೇಲೆ ಜನವರಿಯಲ್ಲೇ ಏಪ್ರಿಲ್ ತಿಳಿಯುತ್ತದೆ. 17 ಕಂಡರೆ ಏಪ್ರಿಲ್‌ನಲ್ಲಿ 6, ಡ್ರಿಪ್ ಮನೆ 10 ಬೇಕು. 14 ಕಂಡರೆ 14 ಮನೆ. 11 ಕಂಡರೆ 4ರ ಹತ್ತಿರ, 18 ಮನೆ. ಮೂರೇ ಸಾಲು, ಕಟ್ಟದ ಹತ್ತಿರ ಬೋರ್ಡಿನಲ್ಲಿ ಬರೆಯಬಹುದು. ಮರಳುವ ನೀರು ಅಳೆದ ಮೇಲೆ ಮನೆಗಳ ಸಂಖ್ಯೆ ತಿದ್ದಿಕೊಳ್ಳಿ. ಆಟದಲ್ಲಿಯೂ ಇದು ದೊಡ್ಡ ಬದಲಾವಣೆ: ಮಳೆಯ ಏರಿಳಿತದಲ್ಲಿ ಕಾಣದೆ ಹೋಗುತ್ತಿದ್ದ ಗಡಿ ನಿರ್ಧಾರಕ್ಕೆ ಮೊದಲೇ ಎಲ್ಲರ ಕಣ್ಣಿಗೆ ಬೀಳುತ್ತದೆ, ನಕಲು ಮಾಡುವವರೂ ಲೆಕ್ಕ ಹಾಕಬಹುದು.

ಅಳೆಯುವುದು ಬೆಳಗಿನ ಜಾವ, ಕರೆಂಟ್ ಬರುವ ಮೊದಲು, ಹಿಂದಿನ ರಾತ್ರಿ ಮೇಲೆ ಯಾರೂ ಪಂಪ್ ಓಡಿಸದ ದಿನ. ಕಟ್ಟ ಹಾಕಿಯಾಗಿದ್ದರೆ ಅದರ ಹಿನ್ನೀರು ಮುಟ್ಟದ ಜಾಗದಲ್ಲಿ, ಮೇಲಿನ ಕಡೆ ನೋಚ್ ಇಡಿ. ಮೂರು ದಿನ ಅಳೆದು ಸರಾಸರಿ ತೆಗೆಯಿರಿ. ನಡುವೆ ಫೆಬ್ರವರಿ, ಮಾರ್ಚಿನಲ್ಲಿ ಮಳೆ ಬಿದ್ದರೆ ಅದು ಇಳಿದ ವಾರದ ಮೇಲೆ ಮತ್ತೆ ಅಳೆದು ಬೋರ್ಡಿನ ಸಾಲು ತಿದ್ದಬೇಕು.